ಹಂಡೆ ಒಲೆಗೆ ಹೋದ ಸೇವಂತಿಗೆ

ನಾನು ಚಿಕ್ಕವಳಿದ್ದಾಗ, ಅಂದರೆ ನಮ್ಮ ಹಿತ್ತಲಿನ ಬೇಲಿಯಾಚೆ ನೋಡಲು ಕಲ್ಲು ಹತ್ತಬೇಕಿದ್ದಷ್ಟು ಚಿಕ್ಕವಳಿದ್ದಾಗ, ಯಾರಾದರೂ ಹೊಗಳಿದರೆ ಬೆಲ್ಲ ತಿಂದಷ್ಟು ಖುಷಿ. ಹೊಗಳಿಸಿಕೊಳ್ಳುವ ಆಸೆಯಿಂದಲೇ ಒಂದು ದಿನ ಅಕ್ಕನನ್ನು ಅಳಿಸಿಬಿಟ್ಟೆ.

ನಮ್ಮೂರು ಶೀಳನೆರೆಯ ಹತ್ತಿರ. ಅಪ್ಪ ಮರಗೆಲಸ ಮಾಡುತ್ತಿದ್ದರು. ಜಗಲಿಯಲ್ಲಿ ಸದಾ ಮರದ ಹೊಟ್ಟಿನ ವಾಸನೆ, ಹಿತ್ತಲಿನಲ್ಲಿ ಸೇವಂತಿಗೆಯ ವಾಸನೆ. ಆ ಹಳದಿ ಸೇವಂತಿಗೆಯನ್ನು ಅವ್ವ ಮದುವೆಯಾಗಿ ಬರುವಾಗ ತವರಿನಿಂದ ತಂದಿದ್ದಳಂತೆ. ಅವ್ವ ತೀರಿಕೊಂಡ ಮೇಲೆ ಗಿಡಗಳನ್ನು ಅಕ್ಕ ನೋಡಿಕೊಂಡಳು. ಗೇಣುದ್ದ ಬೆಳೆದ ಕೂಡಲೇ ತುದಿ ಚಿವುಟುವಳು. ಚಿವುಟಿದಷ್ಟೂ ಕವಲೊಡೆದು ಪೊದೆಯಾಗುತ್ತಿತ್ತು. ದೀಪಾವಳಿ ಹೊತ್ತಿಗೆ ಹಿತ್ತಲಿನ ತುಂಬ ಅರಿಶಿನ ಚೆಲ್ಲಿದ ಹಾಗೆ ಹೂವು.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಅಕ್ಕನ ಮದುವೆ ಇತ್ತು. ಗಂಡಿನ ಊರು ಅರಕೆರೆ. "ಓಗುವಾಗ ಅವ್ವನ ಸೇವಂತಿಗೆ ಮರಿ ಒಂದು ಬುಟ್ಟಿ ತಕ್ಕೊಂಡೋಯ್ತೀನಿ" ಎಂದು ಅಕ್ಕ ಹೇಳುತ್ತಲೇ ಇದ್ದಳು. ಮರಿ ಎಂದರೆ ನೆಡುವ ಎಳೆ ಸಸಿ ಎಂದು ಗೊತ್ತಿತ್ತು, ಅದು ಎಲ್ಲಿರುತ್ತದೆಂದು ಮಾತ್ರ ನನಗೆ ಗೊತ್ತಿರಲಿಲ್ಲ. ಮರಿ ಬಿಡಿಸುವ ಹೊತ್ತಿಗೆ ನಾನು ಆಟಕ್ಕೆ ಓಡಿರುತ್ತಿದ್ದೆ.

ಮದುವೆಗೆ ನಾಲ್ಕು ದಿನವಿತ್ತು. ಅಕ್ಕ ಬಟ್ಟೆ ಒಗೆಯಲು ಹೋಗಿದ್ದಳು. "ಹಿತ್ಲು ವಸಿ ಗುಡಿಸ್ಬುಡು ಮಗ, ನೆಂಟ್ರು ಬತ್ತಾರೆ" ಎಂದರು ಅಪ್ಪ. ಬರೀ ಸ್ವಲ್ಪ ಗುಡಿಸಿದರೆ ಹೊಗಳುವವರಾರು? ಹೂ ಮುಗಿದು ಕಂದು ಕಡ್ಡಿಯಾಗಿ ನಿಂತಿದ್ದ ಸೇವಂತಿಗೆಯನ್ನೆಲ್ಲ ಬೇರುಸಮೇತ ಕಿತ್ತೆ. ಬುಡದಲ್ಲಿದ್ದ ಹಸಿರನ್ನು ಕಳೆ ಅಂದುಕೊಂಡೆ. ಎಲ್ಲವನ್ನೂ ನೀರು ಕಾಯಿಸುವ ಹಂಡೆ ಒಲೆಗೆ ತುರುಕಿ, ಮೇಲೆ ಮರದ ಹೊಟ್ಟು ಸುರಿದೆ. ಚಟಚಟ ಉರಿಯಿತು.

ಸೇವಂತಿಗೆ ಸುಟ್ಟರೆ ಕಹಿಯಾದ ಘಮ ಬರುತ್ತದೆ. ಅಕ್ಕನಿಗೆ ಅದು ಬೀದಿಯ ತಿರುವಿನಲ್ಲೇ ತಿಳಿಯಿತು. ಒದ್ದೆ ಬಟ್ಟೆಯನ್ನು ಅಲ್ಲೇ ಹಾಕಿ ಓಡಿಬಂದಳು.

"ಬುಡ್ದಲ್ಲಿ ಮರಿ ಇದ್ವಲ್ಲೇ!"

ಅಕ್ಕ ಬೈಯಲೂ ಇಲ್ಲ. ಒಲೆಯ ಮುಂದೆ ಕುಕ್ಕರಿಸಿ ಕುಳಿತು ಅತ್ತಳು. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು ನನಗೆ.

ಅಪ್ಪ ಕೈಯಲ್ಲಿದ್ದ ಉಳಿ ಕೆಳಗಿಟ್ಟು ಎದ್ದರು. "ನಿಮ್ಮವ್ವ ವರ್ಷಾ ವರ್ಷಾ ಮೊದ್ಲು ಬ್ಯಾರೆ ಮನೆಯೋರಿಗೆ ಮರಿ ಕೊಟ್ಟು, ಆಮ್ಯಾಕೆ ನಮ್ಮನೇಲಿ ನೆಡ್ತಿದ್ಲು. ನಡೀರಿ, ನೋಡವ" ಎಂದರು.

ಅವ್ವ ಮರಿ ಕೊಡುತ್ತಿದ್ದ ಊರಂಚಿನ ರೈತರ ಮನೆಗೆ ಹೋದೆವು. ಅಪ್ಪ ಅವರಿಗೆ ನೇಗಿಲು ಮಾಡಿಕೊಡುತ್ತಿದ್ದರು. ಆ ಮನೆಯ ಹಿರಿಯಳನ್ನು ನಾವು ದೊಡ್ಡವ್ವ ಎನ್ನುತ್ತಿದ್ದೆವು. ಅವ್ವ ಹೋಗಿ ಎರಡು ವರ್ಷವಾಗಿತ್ತು. ಅವಳು ಕೊಟ್ಟದ್ದು ಇನ್ನೂ ಉಳಿದಿದೆಯೋ ಇಲ್ಲವೋ ಎಂದು ದಾರಿಯುದ್ದಕ್ಕೂ ಅಪ್ಪನನ್ನು ಕೇಳುತ್ತಲೇ ನಡೆದೆ.

ಅಪ್ಪ ನಡೆದದ್ದನ್ನೆಲ್ಲ ದೊಡ್ಡವ್ವನಿಗೆ ಹೇಳಿದರು. ದನದ ಕೊಟ್ಟಿಗೆಯ ಹಿಂದೆ ಒಂದು ಸಾಲು ಸೇವಂತಿಗೆ ಇತ್ತು! ದೊಡ್ಡವ್ವ ಕುಡುಗೋಲಿನ ತುದಿಯಿಂದ ಮಣ್ಣು ಸಡಿಲಿಸಿ, ಮರಿಗಳನ್ನು ಒಂದೊಂದಾಗಿ ಬಿಡಿಸಿ ಬುಟ್ಟಿಗಿಟ್ಟಳು.

"ನಿಂಗೆ ಕಮ್ಮಿ ಆಗಕಿಲ್ವಾ ದೊಡ್ಡವ್ವ?" ಅಕ್ಕ ಕೇಳಿದಳು.

"ಇದೇನು ನಂದಾ ಮಗ? ನಿಮ್ಮವ್ವಂದು. ನಾನು ನೀರು ಉಯ್ದಿವ್ನಿ, ಅಷ್ಟೆಯ."

ಅಕ್ಕ ಅಳುತ್ತಲೇ ನಕ್ಕಳು. ದೊಡ್ಡವ್ವ ನನ್ನತ್ತ ತಿರುಗಿ, "ಬುಟ್ಟಿ ಮಾತ್ರ ಕಿತ್ತೋಳೇ ಒತ್ಕೊಂಡು ಓಗ್ಲಿ" ಎಂದಳು. ಕತ್ತು ನೋಯುವಷ್ಟು ಭಾರವಿತ್ತು. ಆದರೂ ಮನೆವರೆಗೆ ಕೆಳಗಿಳಿಸಲಿಲ್ಲ.

ಅರಕೆರೆಯಲ್ಲಿ ಅಕ್ಕನ ಹಿತ್ತಲಿನಲ್ಲಿ ಆ ಹಳದಿ ಈಗಲೂ ಅರಳುತ್ತದೆ. ಕೊಟ್ಟ ಅವ್ವನನ್ನೂ ಕಾಪಾಡಿದ ದೊಡ್ಡವ್ವನನ್ನೂ ನೆನೆಯದೆ ನಾನು ಒಂದು ಸೇವಂತಿಗೆಯನ್ನೂ ಮುಡಿದಿಲ್ಲ.

ಮಕ್ಕಳೇ, ಈಗ ನಮ್ಮ ಈ ಮನೆಗೆ ಸೇವಂತಿಗೆ ನರ್ಸರಿಯಿಂದ ಕುಂಡದಲ್ಲಿ, ಹೂ ಬಿಟ್ಟುಕೊಂಡೇ ಬರುತ್ತದೆ. ಹೂ ಮುಗಿದರೆ ಕಸದ ಗಾಡಿಗೆ ಹೋಗುತ್ತದೆ. ನಿಮ್ಮನ್ನು ಬೈಯಲು ನನಗೆ ಬಾಯಿಲ್ಲ. ನಾನು ಒಲೆಗೇ ಹಾಕಿದವಳು. ಆದರೆ ನಿನ್ನೆ ನೀವು ಕಸದ ಗಾಡಿಗೆಂದು ಗೇಟಿನ ಹತ್ತಿರ ಇಟ್ಟಿದ್ದ ಕುಂಡವನ್ನು ನಾನು ಮತ್ತೆ ಒಳಗೆ ತಂದಿದ್ದೇನೆ. ಒಣಕಡ್ಡಿ ಸರಿಸಿ ನೋಡಿದೆ, ಬುಡದಲ್ಲಿ ಐದು ಮರಿ ಇವೆ. ಬನ್ನಿ, ಬಿಡಿಸೋಣ. ಮೊದಲ ಎರಡು ಪಕ್ಕದ ಮನೆಗೆ.