ಮೇಲಿನ ಖೋಲಿಗೆ ಬಂದವರು

ಮೊನ್ನೆ ರಾಣೆಬೆನ್ನೂರಿನ ನಮ್ಮ ಓಣಿಯ ತಿರುವಿನಲ್ಲಿ, ಹೊಸದಾಗಿ ಕಟ್ಟಿಸಿದ ಮನೆಯೊಂದರ ಗೇಟಿಗೆ ರಟ್ಟಿನ ಬೋರ್ಡು ತೂಗುಬಿದ್ದಿತ್ತು. ‘ಮನೆ ಬಾಡಿಗೆಗೆ ಇದೆ. ಸಸ್ಯಾಹಾರಿಗಳಿಗೆ ಮಾತ್ರ.’ ಕಾಯಿಪಲ್ಯದ ಚೀಲ ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತುಬಿಟ್ಟೆ. ಓದಲು ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಆದರೆ ಅದೇ ಒಕ್ಕಣೆಯ ಬೋರ್ಡನ್ನು ನಾನೂ ಒಂದು ಕಾಲಕ್ಕೆ ಬರೆದವಳು. ಇಪ್ಪತ್ತೊಂಬತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಕೈ ನೋಡಿ, ನನ್ನ ಅಕ್ಷರ ಇದಕ್ಕಿಂತ ದುಂಡಗಿತ್ತು.

ನಾನು ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಿದ್ದೆ. ಮಕ್ಕಳು ಪಾಸಾದರು, ನನಗೆ ಪಗಾರ ಬಂತು. ಆದರೆ ನನ್ನ ಹಿಂದಿಗೆ ಈ ಊರಿನಲ್ಲಿ ಯಾರೂ ಹಿಂದಿಯಲ್ಲಿ ಉತ್ತರ ಕೊಟ್ಟಿರಲಿಲ್ಲ. ಹಾಗಾಗಿ ಅದು ಕೆಲಸಕ್ಕೆ ಬರುವ ಹಿಂದಿಯೋ ಅಲ್ಲವೋ ಎಂದು ತಿಳಿಯುವ ಪ್ರಸಂಗವೇ ಬಂದಿರಲಿಲ್ಲ. ಬಂದದ್ದು ನಿವೃತ್ತಿಯಾದ ಮರುವರ್ಷ, ಶಮಶಾದಳ ಹೊಲಿಗೆ ಅಂಗಡಿಯಲ್ಲಿ.

ಶಮಶಾದ ನನ್ನ ಹಳೆಯ ವಿದ್ಯಾರ್ಥಿನಿ. ಮನೆಯಲ್ಲಿ ಉರ್ದು ಮಾತಾಡುವ ಹುಡುಗಿ, ಹಿಂದಿ ಪೇಪರಿನಲ್ಲಿ ಮನಸ್ಸಿಗೆ ಬಂದಂತೆ ಬರೆಯುತ್ತಿದ್ದಳು. ನಾನು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದೆ. ಈಗ ಅವಳಿಗೆ ಸ್ಟೇಷನ್ ರಸ್ತೆಯಲ್ಲಿ ಎರಡು ಮಷೀನಿನ ಅಂಗಡಿ. ರವಿಕೆ ತರಲೆಂದು ಹೋದಾಗ ಅಲ್ಲೊಬ್ಬ ಹೆಂಗಸು ಎಂಟೊಂಬತ್ತು ವರ್ಷದ ಮಗಳ ಕೈ ಹಿಡಿದು ನಿಂತಿದ್ದಳು. ಹೊಲಿಸಲು ಬಟ್ಟೆ ತಂದಿರಲಿಲ್ಲ. ಮಷೀನಿನ ಕಡೆ ಒಮ್ಮೆ, ತನ್ನ ಕಡೆ ಒಮ್ಮೆ ಬೊಟ್ಟು ಮಾಡುತ್ತಿದ್ದಳು.

“ಅಕ್ಕಾರ, ಚಲೋ ಆತು ಬಂದ್ರಿ” ಎಂದಳು ಶಮಶಾದ. “ಇಕಿ ಮಣಿಪುರದಾಕಿ ಅಂತ. ಕೆಲಸ ಕೇಳಾಕತ್ತಾಳ. ನೀವ ಮಾತಾಡಿಸ್ರಿ, ನಿಮ್ಮ ಹಿಂದಿ ಶುದ್ಧ ಐತಿ.”

ನಾನು ಗಂಟಲು ಸರಿಮಾಡಿಕೊಂಡು, ಪಠ್ಯಪುಸ್ತಕದ ಮೊದಲ ಪಾಠದಲ್ಲಿದ್ದ ಹಾಗೆ ಅವಳ ಶುಭನಾಮ ವಿಚಾರಿಸಿದೆ. ರೇಡಿಯೋದ ವಾರ್ತೆ ಕೇಳುವವರ ಹಾಗೆ ಅವಳು ನನ್ನನ್ನು ಗೌರವದಿಂದ ನೋಡಿದಳು, ಉತ್ತರ ಕೊಡಲಿಲ್ಲ. ಕೊನೆಗೆ ಶಮಶಾದಳೇ ತನ್ನ ಮನೆಯ ಉರ್ದುವಿನಲ್ಲಿ ಶುರುಮಾಡಿದಳು. ಆ ಹೆಂಗಸಿಗೂ ಬರುತ್ತಿದ್ದದ್ದು ಹರಕುಮುರುಕು ಹಿಂದಿಯೇ. ಇಬ್ಬರೂ ಸ್ತ್ರೀಲಿಂಗ ಪುಲ್ಲಿಂಗ ಕಲಸಿ ಮಾತಾಡಿದರು, ಹತ್ತೇ ನಿಮಿಷದಲ್ಲಿ ಎಲ್ಲ ತಿಳಿಯಿತು.

ಅವಳ ಹೆಸರು ನೆಂಗ್, ಮಗಳು ಕಿಮ್. ಗುಡ್ಡದ ಮೇಲಿನ ಊರು. ಗಲಭೆಯಲ್ಲಿ ಮನೆ ಸುಟ್ಟುಹೋಯಿತು. ಒಂದು ವರ್ಷ ಪರಿಹಾರ ಶಿಬಿರದಲ್ಲಿ, ಶಾಲೆಯ ಹಾಲಿಗೆ ಬಟ್ಟೆ ಕಟ್ಟಿ ಮಾಡಿದ ಒಂದು ಮೂಲೆಯಲ್ಲಿ ಇದ್ದರು. ಗಂಡನ ತಮ್ಮ ರಾಣೆಬೆನ್ನೂರಿನ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ, ಅವನನ್ನು ನಂಬಿ ಇಲ್ಲಿಗೆ ಬಂದರು. ಜೊತೆಗೆ ಬಂದ ಇನ್ನೊಂದು ಕುಟುಂಬಕ್ಕೆ ಹಾವೇರಿಯಲ್ಲಿ ಚರ್ಚಿನವರು ಮನೆ ಹುಡುಕಿಕೊಟ್ಟಿದ್ದರು. ಇವರು ನಾಲ್ವರೂ ಹೋಟೆಲಿನ ಹಿಂದಿನ ಸಾಮಾನು ಖೋಲಿಯಲ್ಲಿ ಮಲಗುತ್ತಿದ್ದರು. ನೆಂಗಳ ಗಂಡನಿಗೆ ಬೀಜದ ಕಂಪನಿಯ ಗೋದಾಮಿನಲ್ಲಿ ಚೀಲ ಹೊರುವ ಕೆಲಸ ಸಿಕ್ಕಿತ್ತು. ಅಡುಗೆಯವನೊಬ್ಬ ಇರಲಿ, ಉಳಿದ ಮೂವರು ತಿಂಗಳೊಳಗೆ ಖೋಲಿ ಬಿಡಿ ಎಂದಿದ್ದ ಹೋಟೆಲಿನ ಮಾಲೀಕ.

“ಮನಿ ಸಿಗೂದೇನ್ ದೊಡ್ಡ ಮಾತು? ನಾ ಕೊಡಸ್ತೇನಿ” ಎಂದೆ. ಊರಿನ ಅರ್ಧ ಮಂದಿ ನನ್ನ ಕೈಯಲ್ಲಿ ಕಲಿತವರು ಎಂಬ ಧಿಮಾಕು. ಶಮಶಾದ ಅವಳಿಗೆ ಅಂದೇ ಸೀರೆಗೆ ಫಾಲ್ ಹಚ್ಚುವ ಕೆಲಸ ಕೊಟ್ಟಳು.

ಬಂದ ಭಾನುವಾರ ನಾವು ಮೂವರೂ ಮನೆ ಹುಡುಕಲು ಹೊರಟೆವು. ಮೊದಲನೆಯ ಮನೆಯವರು, “ಬಾಡಗಿ ಕೊಡೂದು ಬಿಟ್ಟೇವ್ರಿ ಅಕ್ಕಾರ” ಎಂದರು, ಅವರ ತಲೆಯ ಮೇಲೆಯೇ ಬೋರ್ಡು ನೇತಾಡುತ್ತಿತ್ತು. ಎರಡನೆಯವರು, “ನೇಪಾಳದವರೇನ್ರಿ? ಚೀನಾದವರೇನ್ರಿ?” ಎಂದು ಕೇಳಿದರು. “ನಮ್ಮ ದೇಶದವರ” ಎಂದರೂ ನಂಬಲಿಲ್ಲ. ಇನ್ನೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, “ಏನ್ ತಿಂತಾರ?” ಎಂದರು. “ಅನ್ನ” ಎಂದೆ. ಒಂದು ಮನೆಯಲ್ಲಿ ಮೂವರಿಗೂ ಶರಬತ್ತು ಕೊಟ್ಟು, ಮನೆ ಮಾತ್ರ ಇಲ್ಲವೆಂದರು.

ನಾನು ಗಮನಿಸಿದ್ದು ಇನ್ನೊಂದನ್ನು. ಮೊದಲ ಮನೆಯಲ್ಲಿ ನೆಂಗ್ ನನ್ನ ಪಕ್ಕದಲ್ಲೇ ನಿಂತಿದ್ದಳು. ನಾಲ್ಕನೆಯದರಲ್ಲಿ ಗೇಟಿನ ಹೊರಗೆ. ಎಂಟನೆಯದಕ್ಕೆ ಹೋಗುವಷ್ಟರಲ್ಲಿ ರಸ್ತೆಯ ಆಚೆ ಬದಿಗೆ, ಬೇವಿನ ಗಿಡದ ಕೆಳಗೆ. ತನ್ನ ಮುಖ ಕಾಣದಿದ್ದರೆ ಮನೆ ಸಿಕ್ಕೀತು ಎಂದುಕೊಂಡಿರಬೇಕು.

ಹನ್ನೊಂದು ಮನೆ ಮುಗಿಸಿ ಕಬ್ಬಿನ ಹಾಲಿನ ಅಂಗಡಿಯ ಮುಂದೆ ಕುಳಿತೆವು. ನಾನು ಊರಿನವರನ್ನೆಲ್ಲ ಬೈಯುತ್ತಿದ್ದೆ. ಎಂಥ ಮಂದಿ, ಮನುಷ್ಯತ್ವ ಇಲ್ಲ ಎಂದೆಲ್ಲ. ಶಮಶಾದ ಗ್ಲಾಸು ಕೆಳಗಿಟ್ಟಳು.

“ಅಕ್ಕಾರ, ಸಿಟ್ಟ ಆಗಬ್ಯಾಡ್ರಿ. ನಿಮ್ಮ ಮ್ಯಾಲಿನ ಖೋಲಿ ಖಾಲಿ ಐತೆಲ್ರಿ?”

ಖಾಲಿ ಇತ್ತು. ಹೊರಗಿನಿಂದ ಮೆಟ್ಟಿಲು, ಎರಡು ಖೋಲಿ, ನಲ್ಲಿ, ಎಲ್ಲ ಇತ್ತು. ಅದು ನನಗೆ ಬೆಳಗಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ಹನ್ನೊಂದು ಮನೆಯ ಬಾಗಿಲು ಬಡಿದಿದ್ದೆ.

“ನಮ್ಮತ್ತಿ ದಿನಾ ಲಿಂಗಪೂಜಿ ಮಾಡ್ಕೊಳ್ಳಾಕಿ...” ಎಂದು ರಾಗ ಎಳೆದೆ.

“ಅವರನ್ನ ಕೇಳೀರೇನ್ರಿ?”

ಕೇಳಿರಲಿಲ್ಲ. ತಿರಸ್ಕರಿಸುವವರಿಗೆಲ್ಲ ಮನೆಯಲ್ಲಿ ಹಿರಿಯರೊಬ್ಬರು ಇದ್ದರೆ ಎಷ್ಟು ಅನುಕೂಲ ಎಂಬುದು ಅಂದು ನನಗೆ ತಿಳಿಯಿತು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಎಂಬತ್ತು ದಾಟಿದ ಅವರು ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತ ಕುಳಿತಿದ್ದರು. ನಿವೃತ್ತರಾದ ಮೇಲೆ ಪತ್ರಿಕೆಯ ಹಿಂದೆಯೇ ವಾಸವಾಗಿರುವ ನನ್ನ ಯಜಮಾನರು, ಪತ್ರಿಕೆಯನ್ನು ಇನ್ನಷ್ಟು ಎತ್ತಿ ಹಿಡಿದರು. ಪೂಜೆಗೆ ಮೈಲಿಗೆ ಆದೀತೇನೋ ಎಂಬ ನನ್ನ ಮಾತಿಗೆ ಅತ್ತೆ ತಲೆಯೆತ್ತಿದರು.

“ನನ್ನ ಪೂಜಿ ನನ್ನ ಅಂಗೈ ಮ್ಯಾಲ ನಡೀತೈತಿ. ಅದಕ್ಕ ಮ್ಯಾಲಿನ ಖೋಲಿ ಏನ್ ಮಾಡ್ತೈತಿ? ಆ ಕೂಸು ಎಲ್ಲಿ ಮಲಗತೈತಿ ಈಗ?”

“ಹೋಟೆಲಿನ ಹಿಂದ.”

“ನಾಳಿ ಕರಕೊಂಡ ಬಾ. ಸೋಮವಾರ ಮಾತ್ರ ಮಾಂಸ ಬ್ಯಾಡ ಅಂತ ಹೇಳಬೇಕು. ನೀ ಹೇಳಬ್ಯಾಡ, ನಿನ್ನ ಹಿಂದಿ ತಿಳಿಯಂಗಿಲ್ಲ. ನಾನ ಹೇಳ್ತೇನಿ.”

ಮರುದಿನ ಕೈಸನ್ನೆಯಲ್ಲೇ ಹೇಳಿದರು, ನೆಂಗ್ ತಲೆಯಾಡಿಸಿದಳು. ನಾನು ನಮ್ಮ ಗೇಟಿನ ಬೋರ್ಡು ಬಿಚ್ಚಿ ಬಚ್ಚಲ ಒಲೆಗೆ ಹಾಕಿದೆ.

ಇಷ್ಟಕ್ಕೇ ಮುಗಿಯಲಿಲ್ಲ. ಬಾಡಿಗೆದಾರರ ವಿವರವನ್ನು ಪೊಲೀಸ್ ಠಾಣೆಗೆ ಕೊಟ್ಟು ಬಂದ ಮೇಲೂ ಓಣಿಯ ನಾಲ್ವರು ಗಂಡಸರು ಅಂಗಳಕ್ಕೆ ಬಂದರು. ಅವರಲ್ಲಿ ಒಬ್ಬ, ಒಂದು ಕಾಲಕ್ಕೆ ನಾನು ಬೆಂಚಿನ ಮೇಲೆ ನಿಲ್ಲಿಸಿದವನು.

“ಓಣಿಯವರನ್ನ ಒಂದ ಮಾತು ಕೇಳಬೇಕಿತ್ರಿ ಅಕ್ಕಾರ. ನಾಳಿ ಏನಾರ ಆದ್ರ? ಈ ತಿಂಗಳು ಇಟ್ಕೊಂಡು ಕಳಿಸಿಬಿಡ್ರಿ.”

ಮೆಟ್ಟಿಲ ಮೇಲೆ ನೆಂಗ್ ನಿಂತಿದ್ದಳು. ಭಾಷೆ ಬಾರದಿದ್ದರೂ ಆ ದನಿ ಅವಳಿಗೆ ಪರಿಚಿತ, ಮಗಳನ್ನು ಒಳಗೆ ಎಳೆದುಕೊಂಡಳು. ನಾನು ಮೆಟ್ಟಿಲಿಗೆ ಅಡ್ಡ ಬಂದು ನಿಂತೆ.

“ಅವರು ಹೋಗೂದಿಲ್ಲ” ಎಂದೆ. “ಅವರಿಂದ ತ್ರಾಸ ಆದ್ರ ನನ್ನ ಕಡೆ ಬರ್ರಿ. ಅವರ ಬಾಗಲಿಗೆ ಹೋಗಬ್ಯಾಡ್ರಿ.”

ಎರಡು ಮನೆಯವರು ನಮ್ಮನ್ನು ಅರಿಶಿನ ಕುಂಕುಮಕ್ಕೆ ಕರೆಯುವುದನ್ನು ಬಿಟ್ಟರು. ಶಮಶಾದಳ ಅಂಗಡಿಗೂ ಕೆಲವರು ಬರುವುದನ್ನು ನಿಲ್ಲಿಸಿದರು. “ಫಾಲ್ ಸರಿ ಹಚ್ಚಿದ್ರ ಬರ್ತಾರ ತಗೋರಿ” ಎಂದಳು ಅವಳು. ನೆಂಗಳ ಹೊಲಿಗೆ ಎಷ್ಟು ಸಣ್ಣದಿತ್ತೆಂದರೆ, ಬಂದೇ ಬಂದರು. ಕಿಮ್‌ಳನ್ನು ಸರ್ಕಾರಿ ಶಾಲೆಗೆ ಸೇರಿಸಲು ನಾಲ್ಕು ಸಲ ಹೋದೆ. ಸುಟ್ಟ ಮನೆಯಿಂದ ಕಾಗದಪತ್ರ ತರಲಾಗುವುದಿಲ್ಲ ಎಂಬುದನ್ನು ನಾಲ್ಕನೆಯ ಸಲ ಒಪ್ಪಿಕೊಂಡರು. ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ನೆಂಗ್ ನಮ್ಮ ಕನ್ನಡ ಕಲಿತಳು.

ನಾನು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ, “ಎಂಥಾ ಚಲೋ ಮಂದಿ! ಮ್ಯಾಲ ಇದ್ದಾರೋ ಇಲ್ಲೋ ಗೊತ್ತಾಗೂದಿಲ್ಲ.”

ಒಂದೂವರೆ ವರ್ಷದ ಮೇಲೆ ಒಂದು ಸಂಜೆ ನೆಂಗ್ ಕೆಳಗೆ ಬಂದಳು. ಗಂಡನಿಗೆ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಇಡುವ ಶೀತಲಗೃಹದಲ್ಲಿ ಕಾಯಂ ಕೆಲಸ ಸಿಕ್ಕಿದೆ, ಅಲ್ಲಿಗೇ ಹೋಗುತ್ತೇವೆ ಎಂದಳು. ಇಲ್ಲಿಂದ ದಿನಾ ಓಡಾಡಬಹುದಲ್ಲ ಎಂದೆ. ಬೇಡ ಎಂಬಂತೆ ತಲೆಯಾಡಿಸಿದಳು. ನನಗೆ ಸಿಟ್ಟು ಬಂತು.

“ಇಲ್ಲೇನ್ ಕಡಿಮಿ ಆಗಿತ್ತು ನಿನಗ?”

“ಏನೂ ಕಡಿಮಿ ಇಲ್ರಿ ಅಕ್ಕಾರ. ಆದ್ರ ಇಲ್ಲಿ ನಾವು ಸಣ್ಣ ದನಿಲೆ ಮಾತಾಡ್ತೇವಿ. ಬಟ್ಟಲಾ ಬಿದ್ರೂ ಅಂಜಿಕಿ. ಕಿಮ್ ನಗಬೇಕಾದ್ರ ಬಾಯಿ ಮ್ಯಾಲ ಕೈ ಇಟ್ಕೋತಾಳ. ಇದು ನಿಮ್ಮ ಮನಿರಿ. ಭಾಳ ಚಲೋ ಮನಿ. ನಮ್ಮದಲ್ಲ.”

ನಾನು ಹೊಗಳಿಕೊಂಡು ತಿರುಗಿದ ಮೌನ ಅದು. ಅವರ ಸ್ವಭಾವ ಎಂದುಕೊಂಡಿದ್ದೆ. ಒಂದೂವರೆ ವರ್ಷ ನನ್ನ ತಲೆಯ ಮೇಲೆ ಮೂವರು ತುದಿಗಾಲಿನಲ್ಲಿ ನಡೆದಿದ್ದರು.

ಮನೆ ಹುಡುಕಲು ಜೊತೆಗೆ ಬರುತ್ತೇನೆ ಎಂದೆ. “ಬ್ಯಾಡ್ರಿ. ನಾನ ಕೇಳ್ತೇನಿ” ಎಂದಳು. ಮೂರು ಭಾನುವಾರ ಒಬ್ಬಳೇ ಬ್ಯಾಡಗಿಗೆ ಹೋದಳು. ಎಷ್ಟು ಮನೆಯವರು ಇಲ್ಲವೆಂದರೋ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಲ್ಕನೆಯ ಭಾನುವಾರ ಟೆಂಪೋ ತಂದು ಸಾಮಾನು ಏರಿಸಿದಳು. ಅತ್ತೆ ಅವಳ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿದರು. ನಾನು ಗೇಟು ಹಿಡಿದು ನಿಂತಿದ್ದೆ.

ಮೊನ್ನೆ ಕಾಯಿಪಲ್ಯದ ಚೀಲವನ್ನು ಮನೆಗೆ ಮುಟ್ಟಿಸಿ, ಮಧ್ಯಾಹ್ನದ ಬಸ್ಸು ಹತ್ತಿದೆ. ಅವಳು ಹೋಗಿ ಆರು ತಿಂಗಳಾಗಿದ್ದರೂ, ಮುನಿಸೋ ನಾಚಿಕೆಯೋ, ನಾನು ಒಮ್ಮೆಯೂ ಹೋಗಿರಲಿಲ್ಲ. ಬಸ್ಸು ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಹೊರಳಿತು. ಬ್ಯಾಡಗಿಯಲ್ಲಿ ಇಳಿದು, ಮೆಣಸಿನಕಾಯಿ ಘಾಟಿನ ಕೆಂಪು ಗಾಳಿಗೆ ನಾಲ್ಕು ಸಲ ಸೀನಿ, ವಿಳಾಸ ಕೇಳುತ್ತ ಅವಳ ಓಣಿಗೆ ಬಂದೆ. ಮನೆ ಕೇಳುವ ಮೊದಲೇ ದನಿ ಕೇಳಿಸಿತು.

“ನಿನ್ನೆನೂ ನೀವ ಮೊದಲ ಹಿಡದೀರಿ! ಇವತ್ತ ನನ್ನ ಪಾಳಿ. ಸರಸ್ರಿ ಕೊಡಾ!”

ನಲ್ಲಿಯ ಮುಂದೆ ನೆಂಗ್ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು. ಎದುರಿಗಿದ್ದಾಕೆಯೂ ಬಿಡುವವಳಲ್ಲ. “ಅಯ್ಯ, ಏನ್ ಬಾಯಿ ಐತಿ ತಂಗಿ ನಿಂದು! ಓಣಿಗೆಲ್ಲಾ ಕೇಳತೈತಿ.”

“ಕೇಳ್ಲಿ!”

ಮಧ್ಯೆ ಹೋಗಿ ಇಬ್ಬರನ್ನೂ ಸಮಾಧಾನ ಮಾಡುವ ಟೀಚರಿನ ಚಾಳಿ ನನ್ನ ಕಾಲಿಗೆ ಬಂತು. ತಡೆದುಕೊಂಡೆ. ಮೂಲೆಯ ಕಟ್ಟೆಯ ಮೇಲೆ ಕುಳಿತೆ. ನೆಂಗಳ ಕೊಡ ತುಂಬಿತು. ಗೊಣಗುತ್ತಲೇ ಆ ಹೆಂಗಸು ಬಗ್ಗಿ, ಕೊಡಕ್ಕೆ ಕೈ ಹಚ್ಚಿ ಅವಳ ಸೊಂಟಕ್ಕೆ ಏರಿಸಿದಳು. “ನಾಳಿ ನೋಡ್ತೇನಿ ನಿನ್ನ” ಎಂದಳು.

“ನೋಡ್ರಿ, ಇಲ್ಲೇ ಇರ್ತೇನಿ” ಎಂದಳು ನೆಂಗ್, ಅಷ್ಟೇ ಜೋರಾಗಿ.