ಬಿಳಿ ಗೋಡೆ, ಬಿಳಿ ಕೂದಲು

ನಮ್ಮವರು ತೀರಿಕೊಳ್ಳುವ ಹಿಂದಿನ ದಿನ, ನೀರು ತೊಟ್ಟಿಕ್ಕುವ ಒಂದು ದೊಡ್ಡ ಫಿಲ್ಮ್ ಹಿಡಿದು ಕತ್ತಲೆ ಕೋಣೆಯಿಂದ ಹೊರಗೆ ಬಂದರು. ಎದುರು ಮನೆಯ ಹೊಲಿಗೆಯವಳು ಕಾಯುತ್ತಿದ್ದಳು. ಸತ್ತ ತಾಯಿಯದು ಅಂತ ಅವಳ ಹತ್ತಿರ ಇದ್ದದ್ದು ಹೆಬ್ಬೆರಳಗಲದ ಒಂದೇ ನೆಗೆಟಿವ್. ಬಿಳಿ ಗೋಡೆಯ ಮುಂದೆ ಬಿಳಿ ಕೂದಲಿನ ಮುದುಕಿ.

ನಮ್ಮವರು ಕಾಗದಕ್ಕೆ ತಾವೇ ಔಷಧ ಬಳಿದು, ಬಿಸಿಲಲ್ಲಿಟ್ಟು ಚಿತ್ರ ತೆಗೆಯುತ್ತಿದ್ದರು. ಅದಕ್ಕೆ ಚಿತ್ರದಷ್ಟೇ ದೊಡ್ಡ ನೆಗೆಟಿವ್ ಬೇಕು. ಸಣ್ಣದರಿಂದ ಮೊದಲು, ಬಿಳಿ ಬಿಳಿಯಾಗೇ ಕಾಣುವ ದೊಡ್ಡ ಪಾಸಿಟಿವ್, ಆಮೇಲೆ ಅದರಿಂದ ದೊಡ್ಡ ನೆಗೆಟಿವ್. ಅವತ್ತು ಅವರ ಕೈಯಲ್ಲಿದ್ದದ್ದು ಪಾಸಿಟಿವ್.

"ಅಯ್ಯೋ, ಇದೇನಣ್ಣಾ, ನಮ್ಮಮ್ಮ ಹತ್ತು ಸಲ ಒಗೆದ ಬಟ್ಟೆ ಥರ ಇದಾಳೆ!"

"ಸಪ್ಪೆಯಾಗೇ ಇರ್ಬೇಕಮ್ಮ. ಮುಂದಿನ ಸಲಕ್ಕೆ ತಾನಾಗೇ ಖಾರ ಏರತ್ತೆ. ಈಗ್ಲೇ ಖಾರ ಮಾಡಿದ್ರೆ ಕೂದಲೆಲ್ಲ ಗೋಡೆಗೆ ಸೇರ್ಕೊಂಡು ನಿಮ್ಮಮ್ಮ ಬೋಳಾಗ್ಬಿಡ್ತಾಳೆ."

"ಅಮ್ಮ ಇದ್ದಿದ್ರೆ ಈ ಮಾತಿಗೆ ನಿಮಗೆ ಎರಡು ಬಿಗೀತಿದ್ಲು."

ಒಂದರಿಂದ ಇನ್ನೊಂದು ಪ್ರತಿ ತೆಗೆದಷ್ಟೂ ಬಿಳಿ ಇನ್ನೂ ಬಿಳಿ, ಕಪ್ಪು ಇನ್ನೂ ಕಪ್ಪು. ಅದಕ್ಕೇ ಅವರು ಬೆಳಕು ಜಾಸ್ತಿ ಕೊಟ್ಟು, ಚಿತ್ರ ಮೂಡಿಸುವ ಡೆವಲಪರಿಗೆ ನೀರು ಬೆರೆಸಿ, ಬೇಗ ಎತ್ತುತ್ತಿದ್ದರು. ಪಕ್ಕದಲ್ಲಿ ನಿಂತು ತಟ್ಟೆ ಅಲ್ಲಾಡಿಸುತ್ತಿದ್ದವಳು ನಾನು. ಅಂಥ ಹದದ ಕೈ ಬೇರೆಲ್ಲೂ ನೋಡಿಲ್ಲ.

ಮರುದಿನ ಬೆಳಿಗ್ಗೆ ಅವರು ಏಳಲಿಲ್ಲ.

ಕೆಲವು ವಾರ ಕಳೆದ ಮೇಲೆ ಹೊಲಿಗೆಯವಳು ಬಾಗಿಲಲ್ಲೇ ನಿಂತು ಕೇಳಿದಳು. "ಅಕ್ಕಾ, ಆ ಸಣ್ಣದನ್ನ ವಾಪಸ್ ಕೊಟ್ಬಿಡಿ. ಇನ್ಯಾರು ಮಾಡ್ತಾರೆ."

"ಅವ್ರು ಕೆಲ್ಸ ಅರ್ಧಕ್ಕೆ ಬಿಟ್ಟೋರಲ್ಲ. ನಾನಿದೀನಿ."

ಪಾಸಿಟಿವ್ ತಂತಿಯ ಮೇಲೆ ಒಣಗಿತ್ತು. ಅದನ್ನು ಹೊಸ ಫಿಲ್ಮಿನ ಮೇಲಿಟ್ಟು, ಗಾಜು ಹೇರಿ ಬೆಳಕು ಕೊಟ್ಟೆ. ಡೆವಲಪರಿನಲ್ಲಿ ಹಾಕಿದಾಗ ಕೆಂಪು ದೀಪದಡಿ ತೀರಾ ಮಸುಕಾಗಿ ಕಂಡಿತು. ಹೆದರಿ ಇನ್ನಷ್ಟು ಹೊತ್ತು ಬಿಟ್ಟೆ. ನೆಗೆಟಿವಿನಲ್ಲಿ ಬಿಳಿ ಕಪ್ಪಾಗುತ್ತದೆ. ಕೂದಲೂ ಗೋಡೆಯೂ ಒಂದೇ ಕಪ್ಪಾಗಿ ಕೂಡಿಕೊಂಡವು. ಎಸೆದೆ.

ಮಾರನೆಯ ದಿನ ನೀರು ಹೆಚ್ಚು ಹೊಯ್ದೆ, ಬೆಳಕನ್ನೂ ತುಸು ಹೆಚ್ಚಿಸಿದೆ. ಮಸುಕಿದ್ದಾಗಲೇ ಗಟ್ಟಿ ಮನಸ್ಸು ಮಾಡಿ ಎತ್ತಿಬಿಟ್ಟೆ.

ಆ ನೆಗೆಟಿವನ್ನು ಔಷಧ ಬಳಿದ ಕಾಗದದ ಮೇಲಿಟ್ಟೆ. ಬಿಸಿಲಲ್ಲಿ ಚಿತ್ರ ಮೂಡಿತು. ಕೂದಲು ಎಳೆ ಎಳೆಯಾಗಿ ಕಂಡಿತು. ಹೊಲಿಗೆಯವಳು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಬೈತಲೆ ಸೊಟ್ಟಗಿದೆ ನೋಡಿ" ಅಂದಳು. "ಅಮ್ಮಂಗೆ ಯಾವತ್ತೂ ನೆಟ್ಟಗೆ ಬರ್ತಿರ್ಲಿಲ್ಲ."

ಇದು ಅವರ ಕೆಲಸ ಅಂದೆ. ಪಾಸಿಟಿವನ್ನು ಅವರು ಅಷ್ಟು ಸಪ್ಪೆಯಾಗಿ ತೆಗೆದಿಡದಿದ್ದರೆ, ನಾನು ತಲೆಕೆಳಗಾಗಿ ನಿಂತರೂ ಆ ಎಳೆ ಬರುತ್ತಿರಲಿಲ್ಲ.

ಕೋಣೆ ಮುಚ್ಚಿಲ್ಲ. ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಅದರ ನೆಲ ಒರೆಸುತ್ತೇನೆ. ಪೊರಕೆ ಆಡಿಸುವುದಿಲ್ಲ, ಧೂಳೆದ್ದು ಫಿಲ್ಮಿನ ಮೇಲೆ ಕೂರುತ್ತದೆ.