ನಿದ್ದೆ ಬರುವಂಥದ್ದು ಏನೂ ಕೊಡಬೇಡಿ

ಚಿಂತಾಮಣಿಯ ಪಶುವೈದ್ಯರು ಮೂರು ಸಲ ಹೇಳಿದ್ದರು. ವಿಮಾನ ಹತ್ತಿಸುವ ದಿನ ನಾಯಿಮರಿಗೆ ನಿದ್ದೆ ಬರುವಂಥದ್ದು ಏನೂ ಕೊಡಬೇಡಿ, ಮೇಲೆ ಹೋದಾಗ ಉಸಿರಾಟಕ್ಕೆ ತೊಂದರೆಯಾಗುತ್ತದೆ ಎಂದು. ನಾನು ಹನ್ನೆರಡು ವರ್ಷ ನರ್ಸ್ ಆಗಿದ್ದವಳು, ಒಂದು ಸಲ ಹೇಳಿದ್ದರೂ ಸಾಕಿತ್ತು. ಆದರೆ ಆ ಮಾತನ್ನು ಮನೆಗೆ ಬಂದು ಅಮ್ಮನಿಗೆ ಹೇಳಬೇಕೆಂದು ನನಗೆ ತೋಚಲೇ ಇಲ್ಲ.

ಆ ವಾರ ಅಮ್ಮನಿಗೂ ಪುರುಸೊತ್ತಿರಲಿಲ್ಲ. ಶಿಡ್ಲಘಟ್ಟದ ಆಚೆ ನಮ್ಮ ಹಳ್ಳಿ; ಹಿಪ್ಪುನೇರಳೆ ತೋಟ, ಮನೆ ಪಕ್ಕಕ್ಕೇ ರೇಷ್ಮೆ ಹುಳು ಸಾಕುವ ಮನೆ. ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರ ಎಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮೊದಲು ಹುಳು ಸೊಪ್ಪು ತಿನ್ನುವುದು ಬಿಟ್ಟು, ತಲೆಯೆತ್ತಿ ಅಲುಗಾಡದೆ ಮಲಗುವುದಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ. ಆಗ ಅಮ್ಮ ಯಾರನ್ನೂ ಆ ಬಾಗಿಲ ಹತ್ತಿರ ಬಿಡುವುದಿಲ್ಲ. ಮಲಗಿದ ಜೀವವನ್ನು ಮುಟ್ಟಬೇಡಿ, ತಾನಾಗಿ ಏಳುತ್ತದೆ ಅನ್ನುತ್ತಾಳೆ. ನಲವತ್ತು ವರ್ಷ ಅವಳು ನೋಡಿದ್ದೂ ಅದನ್ನೇ.

ಕೆನಡಾದ ಒಂದು ವೃದ್ಧಾಶ್ರಮದಲ್ಲಿ ನನಗೆ ಕೆಲಸ ಸಿಕ್ಕಿತ್ತು. ಮರಿಯನ್ನು ಜೊತೆಗೆ ಕರೆದುಕೊಂಡು ಹೋಗು ಅಂದವಳೂ ಅಮ್ಮನೇ. "ನೀನೊಬ್ಳೇ ಇದ್ರೆ ಗೋಡೆ ಜೊತೆ ಜಗಳ ಆಡ್ತೀಯ. ಬೈಸ್ಕೊಳ್ಳೋಕೆ ಒಂದು ಜೀವ ಇರ್ಲಿ," ಅಂದಳು. ನನ್ನ ಬಾಯಿ ಅಂಥದ್ದು. ಊರಿಗೆ ಬಂದರೆ ಸಾಕು, ಸಾರಿಗೆ ಉಪ್ಪು ಹೆಚ್ಚಾಯಿತು, ಮಾತ್ರೆ ನುಂಗಿಲ್ಲ, ಫೋನ್ ಚಾರ್ಜಿಗೆ ಹಾಕಿಲ್ಲ ಎಂದು ಕೂಗಾಡುತ್ತಿದ್ದೆ. ಅಮ್ಮ ಎದುರಾಡುತ್ತಿರಲಿಲ್ಲ, ಮುಚ್ಚಿಡುವುದನ್ನು ಕಲಿತಿದ್ದಳು.

ಐದು ತಿಂಗಳ ಕಂದು ಮರಿ. ಒಂದು ಕಿವಿ ನೆಟ್ಟಗೆ ನಿಂತಿರುತ್ತಿತ್ತು, ಇನ್ನೊಂದು ಮಡಿಸಿಕೊಂಡಿರುತ್ತಿತ್ತು. ಹೆಸರಿಟ್ಟಿರಲಿಲ್ಲ, ಮರೀ ಅಂದರೆ ಓಡಿಬರುತ್ತಿತ್ತು. ಹೊರಡುವ ಬೆಳಿಗ್ಗೆ ಅದು ಓಡಿಬರಲಿಲ್ಲ, ನಡೆದು ಬಂತು. ವಿಮಾನಕ್ಕೆಂದು ತಂದಿದ್ದ ಪೆಟ್ಟಿಗೆಯ ಬಾಗಿಲು ತೆಗೆದರೆ ತಾನೇ ಒಳಗೆ ಹೋಗಿ ಅಮ್ಮನ ಹಳೇ ಸೀರೆಯ ಮೇಲೆ ಮಲಗಿತು. ಹಿಂದಿನ ದಿನದವರೆಗೂ ಆ ಪೆಟ್ಟಿಗೆ ಕಂಡರೆ ಮಂಚದಡಿ ಸೇರುತ್ತಿದ್ದ ಪ್ರಾಣಿ ಅದು. ಅಂತೂ ಅಭ್ಯಾಸವಾಯಿತಲ್ಲ ಅಂದುಕೊಂಡೆ.

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕೌಂಟರಿನ ಹುಡುಗಿ ಒಂದು ಫಾರಂ ಕೊಟ್ಟಳು. ನಿದ್ದೆ ಬರಿಸುವ ಏನನ್ನಾದರೂ ಕೊಟ್ಟಿದ್ದೀರಾ ಎಂಬಲ್ಲಿ ಇಲ್ಲ ಎಂದು ಬರೆದು ಸಹಿ ಹಾಕಿದೆ. ಅವಳು ಬಗ್ಗಿ ನೋಡಿ, "ಎಷ್ಟು ಸಾಧು ಮೇಡಂ. ಬೇರೆ ನಾಯಿಗಳು ಕೂಗಿ ಕೂಗಿ ಸಾಯ್ತವೆ," ಅಂದಳು. ನನಗೆ ಹೆಮ್ಮೆಯಾಯಿತು.

ಪೆಟ್ಟಿಗೆ ಒಳಗೆ ಹೋಯಿತು. ನಾನು ತಪಾಸಣೆ ಮುಗಿಸಿ ಗೇಟಿನ ಹತ್ತಿರ ಕೂತಿದ್ದಾಗ ಅಮ್ಮ ಫೋನ್ ಮಾಡಿದಳು.

"ಮರಿ ಮಲಗ್ತಾ?"

"ಮಲಗಿದೆ. ಯಾಕೆ?"

"ಬೈಬೇಡ ಕಣಮ್ಮ. ಬೆಳಿಗ್ಗೆ ಗಸಗಸೆ ಪಾಯಸ ಮಾಡಿ ಕುಡಿಸ್ದೆ. ಗಟ್ಟಿಯಾಗೇ ಮಾಡಿದ್ದೆ, ಎರಡು ಬಟ್ಟಲು ಕುಡೀತು. ಅಷ್ಟು ದೂರ ಪಾಪ ಹೆದರ್ಕೋಬಾರ್ದು ಅಲ್ವಾ? ಮಲಗಿದ್ರೆ ದಾರಿ ಗೊತ್ತಾಗಲ್ಲ. ಮೊದ್ಲೇ ಹೇಳಿದ್ರೆ ನೀನು ಬೈತಿದ್ದೆ."

ಹಬ್ಬದ ದಿನ ಆ ಪಾಯಸ ಒಂದು ಲೋಟ ಕುಡಿದರೆ ನಮ್ಮ ಮನೆಯ ಗಂಡಸರು ಸಂಜೆವರೆಗೆ ಏಳುತ್ತಿರಲಿಲ್ಲ. ಮರಿಯ ತೂಕ ಆರು ಕೇಜಿ.

ನಾನು ಬೈಯಲಿಲ್ಲ, ಫೋನ್ ಇಟ್ಟೆ. ಎದ್ದು ಗೇಟಿನ ಮೇಜಿಗೆ ಹೋದೆ. ನಿಜ ಹೇಳಿದರೆ ಪೆಟ್ಟಿಗೆಯನ್ನು ಇಳಿಸುತ್ತಾರೆ, ಜೊತೆಗೆ ನನ್ನನ್ನೂ. ಎರಡು ದಿನದಲ್ಲಿ ಸೇರದಿದ್ದರೆ ಆ ಕೆಲಸ ಬೇರೆಯವರ ಪಾಲು, ಅದಕ್ಕಾಗಿ ಎರಡು ವರ್ಷ ಕಾದಿದ್ದೆ. "ನನ್ನ ನಾಯಿ ಹತ್ತಿದೆಯಾ?" ಎಂದಷ್ಟೇ ಕೇಳಿದೆ. "ಹತ್ತಿದೆ ಮೇಡಂ, ಆರಾಮಾಗಿ ಮಲಗಿದೆಯಂತೆ," ಅಂದರು. ಥ್ಯಾಂಕ್ಸ್ ಹೇಳಿ ಸಾಲಿನಲ್ಲಿ ನಿಂತೆ.

ವಿಮಾನದಲ್ಲಿ ಊಟ ಮುಟ್ಟಲಿಲ್ಲ. ಕೆಳಗೆಲ್ಲೋ ಅದು ಇದೆ ಎಂದು ಚಪ್ಪಲಿ ಬಿಚ್ಚಿ ಪಾದಗಳನ್ನು ನೆಲಕ್ಕೆ ಒತ್ತಿ ಕೂತೆ, ಬೊಗಳಿದರೆ ಗೊತ್ತಾದೀತೇನೋ ಎಂದು. ನಡುವೆ ವಿಮಾನ ಬದಲಿಸುವಾಗ ವಿಚಾರಿಸಿದರೆ, ಪೆಟ್ಟಿಗೆ ಮುಂದಕ್ಕೆ ಹೋಗಿದೆ ಅಂದರು. ಕೂಗುತ್ತಿತ್ತಾ ಎಂದು ಕೇಳಿದೆ. ಇಲ್ಲ, ಸದ್ದೇ ಇರಲಿಲ್ಲ ಅಂದರು. ಒಳ್ಳೆಯ ಸುದ್ದಿ ಹೇಳುವ ಹಾಗೆ ಹೇಳಿದರು.

ಕೆನಡಾದಲ್ಲಿ ಇಳಿದ ಮೇಲೆ ಪೆಟ್ಟಿಗೆಯನ್ನು ತಳ್ಳುಗಾಡಿಯಲ್ಲಿ ತಂದರು. ಮೂತಿ ಅಮ್ಮನ ಸೀರೆಯ ಸೆರಗಿನಲ್ಲಿ ಹುದುಗಿತ್ತು. ನಿಂತಿರುತ್ತಿದ್ದ ಕಿವಿಯೂ ಬಿದ್ದಿತ್ತು. ಮುಟ್ಟುವ ಮೊದಲೇ ನನಗೆ ಗೊತ್ತಾಯಿತು. ಅಲ್ಲಿನ ಡಾಕ್ಟರು, ಕಾರಣ ಇದೇ ಎಂದು ಹೇಳುವುದು ಕಷ್ಟ ಅಂದರು. ಹೊರಡುವ ಮೊದಲು ಏನಾದರೂ ಕೊಟ್ಟಿದ್ದಿರಾ ಎಂದು ಕೇಳಿದರು. ಇಲ್ಲ ಅಂದೆ. ಫಾರಂನಲ್ಲಿ ಬರೆದ 'ಇಲ್ಲ' ಗೊತ್ತಿಲ್ಲದೆ ಬರೆದದ್ದು, ಇದು ಗೊತ್ತಿದ್ದು ಹೇಳಿದ್ದು.

ವಿಮಾನದ ಚಳಿಗೆ ಹೋಯಿತು ಎಂದು ಅಮ್ಮನಿಗೆ ಹೇಳಿದೆ. ಪೆಟ್ಟಿಗೆಯೊಳಗೇನಾ ಎಂದು ಅವಳು ಕೇಳಿದಳು. ಆಮೇಲೆ, "ಪಾಯಸ ಕುಡಿಸಿದ್ದು ಒಂದು ಒಳ್ಳೇದಾಯ್ತು ಬಿಡಮ್ಮ. ನಿದ್ದೇಲೇ ಹೋಗಿರತ್ತೆ, ಸಂಕಟ ಗೊತ್ತಾಗಿರಲ್ಲ," ಅಂದಳು. ಹೂಂ ಅಂದೆ.

ಹೋದ ವರ್ಷ ರಜೆಗೆ ಊರಿಗೆ ಬಂದಿದ್ದೆ. ಮತ್ತೆ ಹೊರಡುವ ಬೆಳಿಗ್ಗೆ ಅಮ್ಮ ಒಂದು ಲೋಟ ತಂದು ನನ್ನ ಮುಂದಿಟ್ಟಳು. ಗಸಗಸೆ ಪಾಯಸ, ಮೇಲೆ ತುಪ್ಪದಲ್ಲಿ ಹುರಿದ ಗೋಡಂಬಿ. "ಕುಡಿದು ಮಲಗ್ಬಿಡು, ದಾರಿ ಗೊತ್ತಾಗಲ್ಲ," ಅಂದಳು. ಬೈಯುತ್ತೇನೇನೋ ಎಂದು ನನ್ನ ಮುಖವನ್ನೇ ನೋಡುತ್ತಾ ನಿಂತಳು. ತಳದಲ್ಲಿ ಉಳಿದ ಗಸಿಯನ್ನೂ ಬಿಡದೆ ಕುಡಿದೆ.